ಕದ್ದು ಬರೆಯಬೇಡ, ಹೇಳಿ ಬರೆ

ಮದುವೆಯಾಗಿ ಮಗುವೂ ಆದಮೇಲೆ ಕಾದಂಬರಿ ಬರೆಯೋಕಾಗುತ್ತಾ ಅಂತ ಕೇಳ್ತೀಯಲ್ಲ, ಆಗುತ್ತೆ ಕಣೇ. ಕನ್ನಡದ ಎಷ್ಟೋ ಹೆಂಗಸರು ಬರೆದು ತೋರಿಸಿದ್ದಾರೆ. ಆದರೆ ನೀನು ಅಂದುಕೊಂಡಿರೋ ಹಾಗೆ ಆಗಲ್ಲ. ನೀನು ಏನಂದುಕೊಂಡಿದ್ದೀಯ ಅಂತ ನನಗೆ ಗೊತ್ತು. ಮಗುವಿಗೆ ಮೂರು ತುಂಬಿ ಶಾಲೆಗೆ ಹೋಗಲಿ, ಮನೆ ಸಾಲ ಒಂದಿಷ್ಟು ಇಳೀಲಿ, ಅತ್ತೆಯ ಮಂಡಿ ಆಪರೇಷನ್ ಮುಗೀಲಿ, ಆಮೇಲೆ ಕಿಟಕಿ ಪಕ್ಕ ಮೇಜು ಹಾಕ್ಕೊಂಡು, ಬೆಳಗ್ಗೆಯಿಂದ ಸಂಜೆವರೆಗೆ ಯಾರ ಕಾಟವೂ ಇಲ್ಲದೆ ಕೂತು ಬರೀತೀನಿ ಅಂತ. ಅಂಥ ದಿನ ಬರಲ್ಲ. ಮಗು ಶಾಲೆಗೆ ಸೇರಿದ ದಿನವೇ ಅದರ ಊಟದ ಡಬ್ಬಿ, ಅದರ ಹೋಮ್‌ವರ್ಕು, ವಾರಕ್ಕೊಂದು ನೆಗಡಿ ಶುರುವಾಗುತ್ತೆ. ಅತ್ತೆಯ ಮಂಡಿ ಸರಿಹೋಗೋ ಹೊತ್ತಿಗೆ ಅಪ್ಪನ ಕಣ್ಣಿಗೆ ಪೊರೆ ಬಂದಿರುತ್ತೆ. ಸಂಸಾರ ಅಂದರೇ ಹಾಗೆ. ಅದು ಮುಗಿದ ಮೇಲೆ ಬರೀತೀನಿ ಅಂದವಳು ಬರೆದಿದ್ದನ್ನ ನಾನು ನೋಡಿಲ್ಲ.

ಕಾಯೋದು ಒಂದು ಕಡೆಯಾದರೆ ನಿನ್ನ ಆತುರ ಇನ್ನೊಂದು ಕಡೆ. ಯಾರೋ ಇಪ್ಪತ್ತೆಂಟಕ್ಕೇ ಮೂರನೇ ಕಾದಂಬರಿ ಬಿಡುಗಡೆ ಮಾಡಿದ್ದನ್ನ ಫೋನಿನಲ್ಲಿ ನೋಡಿ ಮುಖ ಸಣ್ಣದು ಮಾಡಿಕೊಳ್ತೀಯ. ಅವತ್ತಿಂದ ರಾತ್ರಿ ಎರಡರವರೆಗೂ ಕೂತು ಬರೀತೀಯ. ವಾರ ಕಳೆಯೋ ಹೊತ್ತಿಗೆ ಕಣ್ಣು ಕೆಂಪು, ಮಗುವಿನ ಮೇಲೆ ಸಿಡುಕು, ಗಂಡನ ಜೊತೆ ಜಗಳ. ಲ್ಯಾಪ್‌ಟಾಪ್ ಮುಚ್ಚಿಟ್ಟು, ‘ನನ್ನ ಹಣೇಲಿ ಬರೆದಿಲ್ಲ ಬಿಡು’ ಅಂತೀಯ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ನಿನ್ನ ಕೈ ಚೆನ್ನಾಗಿದೆ. ಜನ ಮಾತಾಡೋದನ್ನ ಕೇಳಿಸಿಕೊಳ್ಳೋ ಕಿವಿಯೂ ಇದೆ. ಬೇಕಾಗಿರೋದು ತಾಳ್ಮೆ, ಜೊತೆಗೆ ಬಾಯಿ ಬಿಟ್ಟು ಕೇಳೋ ಧೈರ್ಯ. ತಾಳ್ಮೆ ವಯಸ್ಸಾದ ಹಾಗೆ ತಾನಾಗೇ ಬರುತ್ತೆ. ಧೈರ್ಯದ ಮಾತೇ ನಾನು ನಿನಗೆ ಹೇಳಬೇಕಾಗಿರೋದು.

ಮೊದಲು ಎಂ.ಕೆ. ಇಂದಿರಾ ಅವರ ವಿಷಯ ಕೇಳು. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಹನ್ನೆರಡಕ್ಕೆಲ್ಲ ಮದುವೆ. ಶಾಲೆಯ ಓದು ಅಲ್ಲಿಗೆ ಬಿಟ್ಟುಹೋಯಿತು. ಸಂಸಾರ, ಮಕ್ಕಳು, ನೆಂಟರು ಇಷ್ಟೆಲ್ಲ ಆಗಿ, ಕಾದಂಬರಿಗೆ ಅಂತ ಕೂತಿದ್ದು ನಲವತ್ತೈದರ ಸುಮಾರಿಗೆ. 1963ರಲ್ಲಿ ‘ತುಂಗಭದ್ರಾ’ ಬಂತು. ಆಮೇಲೆ ‘ಸದಾನಂದ’, ‘ಗೆಜ್ಜೆಪೂಜೆ’, 1976ರಲ್ಲಿ ‘ಫಣಿಯಮ್ಮ’. ಮಲೆನಾಡಿನ ಮನೆಯೊಂದರಲ್ಲಿ ಮಗುವಾಗಿದ್ದಾಗಲೇ ವಿಧವೆಯಾಗಿ, ಇಡೀ ಆಯುಷ್ಯ ಮಡಿಯಲ್ಲೇ ಸವೆಸಿದ ಹೆಂಗಸಿನ ಕಥೆ ಅದು. ಆ ಹೆಂಗಸು ನಿಜವಾಗಿ ಬದುಕಿದ್ದವಳು. ಇಂದಿರಾ ಅವರಿಗೆ ಆ ಕಥೆ ಸಿಕ್ಕಿದ್ದು ಮನೆಯೊಳಗಿನ ಹೆಂಗಸರ ಮಾತಿನಿಂದ. ಪ್ರೇಮಾ ಕಾರಂತರು 1983ರಲ್ಲಿ ಅದನ್ನ ಸಿನಿಮಾ ಮಾಡಿದರು. ಹಪ್ಪಳ ಒತ್ತುತ್ತಾ, ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತು, ಯಾರಾದರೂ ಸತ್ತ ಮನೆಯಲ್ಲಿ ಪಿಸುಮಾತಿನಲ್ಲಿ ಹೆಂಗಸರು ಆಡಿಕೊಳ್ಳೋ ಮಾತು ಯಾವ ಗ್ರಂಥಾಲಯದಲ್ಲೂ ಸಿಗಲ್ಲ. ಅಡುಗೆಮನೆಯಲ್ಲಿ ಕಳೆದ ಹೊತ್ತೆಲ್ಲ ದಂಡ ಅಂತ ನೀನು ಕೊರಗ್ತೀಯಲ್ಲ, ಅದಕ್ಕೇ ಹೇಳಿದೆ. ಕಿವಿ ತೆರೆದಿಟ್ಟಿದ್ದರೆ ಆ ಹೊತ್ತು ದಂಡ ಆಗಲ್ಲ.

ಹಾಗಂತ ಇಂದಿರಾ ಅವರೇ ಕಾದರು, ನಾನೂ ನಲವತ್ತೈದರವರೆಗೆ ಕಾಯ್ತೀನಿ ಅನ್ನಬೇಡ. ಅವರಿಗೆ ದಾರಿ ಇರಲಿಲ್ಲ, ಕಾದರು. ನಿನಗೆ ಓದಿದೆ, ಸಂಬಳ ಇದೆ, ಮಾತಿಗೆ ಕಿವಿಗೊಡೋ ಗಂಡ ಇದ್ದಾನೆ. ನೀನು ಕಾಯೋದು ಕುಂಟುನೆಪ.

ಈಗ ನಿನ್ನ ಒಂದು ಕೆಟ್ಟ ಅಭ್ಯಾಸದ ಮಾತು. ನೀನು ಕದ್ದು ಬರೀತೀಯ. ಮಗುವಿಗೆ ಹಾಲು ಕುಡಿಸ್ತಾ ಒಂದೇ ಕೈಯಲ್ಲಿ ಫೋನಿನಲ್ಲಿ ನಾಲ್ಕು ಸಾಲು, ಬಚ್ಚಲಿಗೆ ಹೋದಾಗ ಎರಡು ಸಾಲು, ಆಫೀಸಿನ ಕ್ಯಾಬಿನಲ್ಲಿ ಅರ್ಧ ಪುಟ. ಅತ್ತೆ ಒಳಗೆ ಬಂದರೆ ತಟ್ಟನೆ ಪರದೆ ಬದಲಾಯಿಸ್ತೀಯ. ಏನು ಮಾಡ್ತಿದ್ದೀ ಅಂತ ಯಾರಾದರೂ ಕೇಳಿದರೆ, ‘ಏನಿಲ್ಲ, ಏನೋ ಗೀಚ್ತಿದ್ದೆ’ ಅಂತೀಯ. ಗೀಚೋದು ಅಂತ ನೀನೇ ಅಂದಮೇಲೆ ಮನೆಯವರು ಅದನ್ನ ಕೆಲಸ ಅಂತ ಯಾಕೆ ಅಂದುಕೊಳ್ಳಬೇಕು? ಗೀಚ್ತಾ ಇರೋಳನ್ನ ಎಬ್ಬಿಸಿ ಕಾಫಿ ಕೇಳೋದರಲ್ಲಿ ತಪ್ಪೇನಿದೆ? ಅವರು ನಿನ್ನ ಮಾತನ್ನ ನಂಬಿದ್ದಾರೆ, ಅಷ್ಟೇ. ಆಮೇಲೆ ನೀನು ಒಳಗೊಳಗೇ ಕುದೀತೀಯ, ನನ್ನ ಬರವಣಿಗೆಗೆ ಈ ಮನೆಯಲ್ಲಿ ಬೆಲೆಯಿಲ್ಲ ಅಂತ. ಬೆಲೆ ಇಟ್ಟವಳೇ ನೀನು.

ನಮ್ಮ ಹಿಂದಿನವರು ಕದ್ದು ಬರೆದರು, ನಿಜ. ಅಕ್ಕಿ ಡಬ್ಬದ ಹಿಂದೆ ನೋಟ್‌ಬುಕ್ ಬಚ್ಚಿಟ್ಟವರಿದ್ದಾರೆ. ಹೆಂಗಸು ಬರೆದರೆ ಮನೆ ಮರ್ಯಾದೆ ಹೋಗುತ್ತೆ ಅನ್ನೋ ಕಾಲ ಅದು. ಬರೆದು ಅಚ್ಚಾದ ಮೇಲೂ ವಿಮರ್ಶಕರು ‘ಅಡುಗೆಮನೆ ಸಾಹಿತ್ಯ’ ಅಂತ ಮೂಗು ಮುರಿದರು. ಅವರು ಕದ್ದು ಬರೆದಿದ್ದು ನೀನು ಹೇಳಿ ಬರೆಯೋ ಹಾಗಾಗಲಿ ಅಂತ. ಆ ಋಣ ನಿನ್ನ ಮೇಲಿದೆ.

ಹೇಳೋದು ಹೇಗೆ? ಜಗಳದ ನಡುವೆ ಹೇಳಬೇಡ. ಪಾತ್ರೆ ಕುಕ್ಕುತ್ತಾ ಹೇಳಬೇಡ. ‘ಈ ಮನೇಲಿ ನನಗೆ ಅಂತ ಒಂದು ನಿಮಿಷ ಇಲ್ಲ’ ಅಂತ ಶುರುಮಾಡಿದರೆ ಮುಂದಿನದು ಯಾರ ಕಿವಿಗೂ ಬೀಳಲ್ಲ. ಎಲ್ಲರೂ ಊಟಕ್ಕೆ ಕೂತಿರುವಾಗ, ಹೊಟ್ಟೆ ತುಂಬಿರುವಾಗ, ಮೆತ್ತಗೆ ಹೇಳು: ‘ನಾನೊಂದು ಕಾದಂಬರಿ ಬರೀತಿದ್ದೀನಿ. ಬೆಳಗ್ಗೆ ಐದೂವರೆಯಿಂದ ಆರೂವರೆ ನನ್ನ ಬರೆಯೋ ಹೊತ್ತು. ಅಷ್ಟು ಹೊತ್ತು ಮಗು ಎದ್ದರೆ ಇವರು ನೋಡ್ಕೋತಾರೆ.’ ಗಂಟೆ ಹೇಳಬೇಕು. ‘ಬೆಳಗ್ಗೆ ಸ್ವಲ್ಪ ಹೊತ್ತು’ ಅಂದರೆ ಅದು ಯಾರ ಹೊತ್ತೂ ಆಗಲ್ಲ. ಹೇಳಿದ ಗಂಟೆಗೆ ನೀನು ಕೂರಲೂ ಬೇಕು. ಮೊದಲ ಹದಿನೈದು ದಿನ ಮನೆಯವರು ನಿನ್ನನ್ನ ನೋಡ್ತಾರೆ, ಇವಳು ನಿಜವಾಗಿ ಕೂರ್ತಾಳೋ ಇಲ್ಲ ರೀಲ್ಸ್ ನೋಡ್ತಾಳೋ ಅಂತ. ರೀಲ್ಸ್ ನೋಡಿ ಸಿಕ್ಕಿಬಿದ್ದೆಯೋ, ಆ ಗಂಟೆ ಹೋಯಿತು. ಫೋನನ್ನ ಇನ್ನೊಂದು ಕೋಣೆಯಲ್ಲಿಡು. ‘ಬರೆಯುವ ಹೊತ್ತು’ ಅಂತ ಕಾಫಿ ಲೋಟದ ಫೋಟೋ ಹಾಕೋದಕ್ಕೆ ಆಮೇಲೆ ಬೇಕಾದಷ್ಟು ಸಮಯ ಸಿಗುತ್ತೆ, ಮೊದಲು ಬರಿ.

ನಿನ್ನ ಗಂಡನ ವಿಷಯಕ್ಕೆ ಬರೋಣ. ಅವನು ಒಳ್ಳೆಯವನು, ನಾನು ಬಲ್ಲೆ. ಅವನ ಬಾಯಲ್ಲಿ ಯಾವಾಗಲೂ ಒಂದೇ ಮಾತು: ‘ಬರ್ಕೋ, ಯಾರು ಬೇಡ ಅಂದ್ರು?’ ನಮ್ಮ ನಾಡಿನ ಒಳ್ಳೆ ಗಂಡಂದಿರೆಲ್ಲ ಆಡೋ ಮಾತೇ ಅದು. ಬೇಡ ಅಂತ ಅವರು ಅನ್ನೋದೇ ಇಲ್ಲ. ಆದರೆ ಬೇಡ ಅನ್ನದೇ ಇದ್ದರೆ ಮಗುವಿನ ಬಟ್ಟೆ ಒಗೆದಂತಾಗುತ್ತಾ? ಬೇಳೆ ಬೆಂದಂತಾಗುತ್ತಾ? ಇದನ್ನ ಅವನ ಮೇಲೆ ಸಿಟ್ಟುಮಾಡಿಕೊಳ್ಳದೆ ಅವನಿಗೆ ತಿಳಿಸಬೇಕಾದವಳು ನೀನು. ಅವನ ಅಮ್ಮ ಅವನಿಗೆ ಕಲಿಸಿರಲ್ಲ. ನಿನ್ನ ಮೌನವನ್ನ ನೋಡಿ ಅವನಾಗೇ ಕಲಿಯಲ್ಲ. ಗಂಡಸರು ಮುಖ ನೋಡಿ ಅರ್ಥಮಾಡಿಕೊಳ್ಳಲಿ ಅಂತ ಕಾದು ಕಾದು ಎಷ್ಟು ಹೆಣ್ಣುಮಕ್ಕಳ ಬಾಯಿ ಕಟ್ಟಿಹೋಯಿತು!

ಅವನ ಹತ್ತಿರ ‘ಸ್ವಲ್ಪ ಸಹಾಯ ಮಾಡ್ರೀ’ ಅನ್ನಬೇಡ. ಸಹಾಯ ಅಂದರೆ ಕೆಲಸ ನಿನ್ನದು, ಕೈ ಅವನದು. ಈರುಳ್ಳಿ ಹೆಚ್ಚಿಕೊಟ್ಟು, ಮುಂದೇನು ಅಂತ ಬಂದು ನಿಲ್ತಾನೆ. ಅವನಿಗೆ ಹೇಳೋ ಹೊತ್ತಿಗೆ ನಿನ್ನ ತಲೆಯೊಳಗಿನ ಅಧ್ಯಾಯ ಹಾರಿಹೋಗಿರುತ್ತೆ. ಒಂದಿಡೀ ಕೆಲಸ ಬಿಟ್ಟುಕೊಡು. ರಾತ್ರಿ ಅಡುಗೆಮನೆ ಅವನದು ಅಂದರೆ ಪೂರ್ತಿ ಅವನದು. ನಾಳೆಗೆ ಹಾಲು ಇದೆಯಾ, ಹಿಟ್ಟು ರುಬ್ಬಿದೆಯಾ, ಗ್ಯಾಸ್ ಖಾಲಿಯಾಯ್ತಾ ಅನ್ನೋ ಯೋಚನೆಯೂ ಅವನದೇ. ಕೈಕೆಲಸಕ್ಕಿಂತ ಆ ಯೋಚನೆಯೇ ಭಾರ, ಕಾದಂಬರಿಯನ್ನ ತಿಂದುಹಾಕೋದೂ ಅದೇ. ಬಿಟ್ಟುಕೊಟ್ಟ ಮೇಲೆ ಹಿಂದೆ ನಿಂತು ನೋಡಬೇಡ. ನಿನ್ನಲ್ಲಿ ನಾನು ಕಂಡ ದೊಡ್ಡ ಕೊರತೆ ಇದು. ಅವನು ಮಗುವಿಗೆ ಹಾಕಿದ ಸಾಕ್ಸು ಒಂದು ನೀಲಿ, ಒಂದು ಹಸಿರು ಆಗಿದ್ದರೆ ಬಿಚ್ಚಿಸಿ ಬೇರೆ ಹಾಕ್ತೀಯ. ಸಾರಿಗೆ ಹುಳಿ ಜಾಸ್ತಿಯಾಯ್ತು ಅಂತೀಯ. ಎರಡು ಸಲ ಹೀಗಾದರೆ ಮೂರನೇ ಸಲ ಅವನು ಕೈ ಬಿಡ್ತಾನೆ. ತಪ್ಪು ಯಾರದು? ಮಗುವಿನ ಕಾಲು ಬೆಚ್ಚಗಿದ್ದರೆ ಸಾಕು. ಹುಳಿ ಸಾರು ತಿಂದು ಯಾರೂ ಸಾಯಲ್ಲ. ಮನೆಯ ಒಡತಿ ಅನ್ನಿಸಿಕೊಳ್ಳೋ ಆಸೆಯನ್ನ ಒಂದಿಷ್ಟು ಬಿಟ್ಟರೆ ಮಾತ್ರ ಕಾದಂಬರಿಗೆ ಜಾಗ ಆಗುತ್ತೆ. ಎಲ್ಲವೂ ನನ್ನ ಕೈಯಲ್ಲೇ ಆಗಬೇಕು, ಜೊತೆಗೆ ಪುಸ್ತಕವೂ ಬರಬೇಕು ಅಂದರೆ ಮೈಯಾದರೂ ಕೆಡುತ್ತೆ, ಪುಸ್ತಕವಾದರೂ ಕೆಡುತ್ತೆ.

ಅತ್ತೆಯನ್ನ ಶತ್ರು ಅಂತ ಯಾಕೆ ಲೆಕ್ಕ ಹಾಕ್ತೀಯೋ ನನಗೆ ತಿಳಿಯಲ್ಲ. ಅವರ ಯೌವನ ಎಂಥದು ಗೊತ್ತಾ? 1965ರಲ್ಲಿ ‘ಸುಧಾ’ ಶುರುವಾಯಿತು. ಅದಕ್ಕೂ ಮುಂಚೆ ‘ಪ್ರಜಾಮತ’, ‘ಕರ್ಮವೀರ’ ಇದ್ದವು, ಆಮೇಲೆ 1983ರಲ್ಲಿ ‘ತರಂಗ’ ಬಂತು. ಧಾರಾವಾಹಿಯ ಕಂತು ಬರೋ ದಿನ ಮನೆಮನೆಯಲ್ಲಿ ಹೆಂಗಸರು ಕಾಯ್ತಿದ್ದರು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ತ್ರಿವೇಣಿ, ಉಷಾ ನವರತ್ನರಾಂ, ಸಾಯಿಸುತೆ ಅವರ ಪುಸ್ತಕ ಹಿಡಿದು ನೆಲದ ಮೇಲೆ ಒರಗ್ತಿದ್ದ ಪೀಳಿಗೆ ಅದು. ಕನ್ನಡ ಕಾದಂಬರಿಗೆ ಅಷ್ಟು ದೊಡ್ಡ ಓದುಗ ಬಳಗ ಕಟ್ಟಿದವರೇ ಆ ಹೆಂಗಸರು. ನಿನ್ನ ಅತ್ತೆ ಅವರಲ್ಲೊಬ್ಬರು. ಒಂದು ಸಂಜೆ ಅವರೆಕಾಯಿ ಬಿಡಿಸ್ತಾ ಕೂತಾಗ ನಿನ್ನ ಕಥೆಯ ಎಳೆ ಹೇಳು. ಈ ಹುಡುಗಿ ಕೊನೆಗೆ ಏನು ಮಾಡಬಹುದು ಅತ್ತೆ ಅಂತ ಕೇಳು. ಅವರು ಹೇಳೋದು ನಿನಗೆ ಒಪ್ಪಿಗೆಯಾಗದೆ ಇರಬಹುದು. ಆದರೆ ಮಾರನೇ ದಿನ ಐದೂವರೆಗೆ ಮಗು ಅತ್ತರೆ ಎತ್ತಿಕೊಳ್ಳೋಕೆ ಅವರೇ ಮೊದಲು ಏಳ್ತಾರೆ ನೋಡು. ಆ ಹುಡುಗಿ ಏನಾದಳು ಅನ್ನೋದು ಅವರಿಗೂ ಬೇಕಾಗಿರುತ್ತೆ.

ದಿನಕ್ಕೆ ಒಂದೇ ಗಂಟೆ ಸಾಕಾ ಅಂತೀಯ. ಲೆಕ್ಕ ಹಾಕು. ದಿನಕ್ಕೆ 300 ಪದ. ವಾರದಲ್ಲಿ ಐದು ದಿನ ಬರೆದರೆ 1500. ಹಬ್ಬ, ಜ್ವರ, ನೆಂಟರು ಅಂತ ವರ್ಷದಲ್ಲಿ ಎರಡು ವಾರ ಬಿಡು. 75,000 ಪದ ಆಯಿತು. ಅಚ್ಚಾದರೆ ಹತ್ತಿರ ಹತ್ತಿರ 300 ಪುಟ. ಅದು ಒಂದು ತುಂಬು ಕಾದಂಬರಿ. ಧಾರಾವಾಹಿ ಬರೆದ ಹೆಂಗಸರು ಇದನ್ನ ಬಲ್ಲವರಾಗಿದ್ದರು. ವಾರಕ್ಕೊಂದು ಕಂತು ಕೊಡಲೇಬೇಕು. ಮಗುವಿಗೆ ಜ್ವರ ಬಂತು ಅಂತ ಪತ್ರಿಕೆ ನಿಲ್ಲಲ್ಲ. ಹಾಗಾಗಿ ಸ್ಫೂರ್ತಿ ಬರಲಿ ಅಂತ ಅವರು ಕಾಯಲಿಲ್ಲ. ನಿನಗೆ ಸಂಪಾದಕರಿಲ್ಲದಿದ್ದರೆ ಒಬ್ಬ ಗೆಳತಿಯನ್ನ ಹಿಡಿ. ಪ್ರತಿ ಶನಿವಾರ ಅವಳಿಗೆ ಐದು ಪುಟ ಕಳಿಸು. ಅವಳು ಓದದಿದ್ದರೂ ಪರವಾಗಿಲ್ಲ, ಕಳಿಸು.

ಬಂಗಾಳದ ಆಶಾಪೂರ್ಣಾ ದೇವಿ ಶಾಲೆಯ ಮೆಟ್ಟಿಲೇ ಹತ್ತಿದವರಲ್ಲ. ಹದಿನೈದಕ್ಕೆ ಮದುವೆ, ಮೂರು ಮಕ್ಕಳು, ತುಂಬಿದ ಮನೆ. ಹಗಲೆಲ್ಲ ಸಂಸಾರ, ರಾತ್ರಿ ಮನೆ ಮಲಗಿದ ಮೇಲೆ ಬರವಣಿಗೆ. 1964ರಲ್ಲಿ ‘ಪ್ರಥಮ ಪ್ರತಿಶ್ರುತಿ’ ಬಂತು, 1976ರಲ್ಲಿ ಅವರಿಗೆ ಜ್ಞಾನಪೀಠ ಸಿಕ್ಕಿತು. ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರೇ. ನಮ್ಮ ಸಾರಾ ಅಬೂಬಕ್ಕರ್ ಕಾಸರಗೋಡಿನವರು, ನಾಲ್ಕು ಗಂಡುಮಕ್ಕಳ ತಾಯಿ. ಮಕ್ಕಳು ದೊಡ್ಡವರಾದ ಮೇಲೆ ಲೇಖನಿ ಹಿಡಿದರು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗ ಊರೆಲ್ಲ ಓದಿತು. ಒಬ್ಬರಿಗೆ ರಾತ್ರಿ ಒದಗಿತು, ಒಬ್ಬರಿಗೆ ನಡುವಯಸ್ಸು ಒದಗಿತು. ನಿನಗೆ ಯಾವುದು ಒದಗುತ್ತೆ ಅನ್ನೋದನ್ನ ನಿನ್ನ ಮೈಯೇ ಹೇಳುತ್ತೆ. ರಾತ್ರಿ ಎರಡು ಗಂಟೆ ನಿನಗೆ ಆಗಿಬರಲಿಲ್ಲ, ಅದನ್ನ ಬಿಡು.

ಹಸಿ ಬಾಣಂತಿಯಾಗಿದ್ದರೆ ಮಾತ್ರ ನಾನು ಹೇಳಿದ್ದೆಲ್ಲ ಮರೆತುಬಿಡು. ನೌಕರಿ ಮಾಡೋರಿಗೆ 2017ರಿಂದ ಕಾನೂನಿನಲ್ಲಿ 26 ವಾರ ಹೆರಿಗೆ ರಜೆ ಇದೆ. ಕಾದಂಬರಿಗಾರ್ತಿಗೆ ಅಂಥ ರಜೆ ಯಾರೂ ಬರೆದುಕೊಡಲ್ಲ, ನೀನೇ ಕೊಟ್ಟುಕೋ. ಆ ತಿಂಗಳುಗಳಲ್ಲಿ ಅಧ್ಯಾಯದ ಮಾತೇ ಬೇಡ. ನಿದ್ದೆ ಸಿಕ್ಕಾಗ ನಿದ್ದೆ ಮಾಡು. ನಮ್ಮ ಮಲೆನಾಡಿನ ಮನೆಗಳಲ್ಲಿ ರಾತ್ರಿ ಒಲೆ ಆರಿಸ್ತಿರಲಿಲ್ಲ, ಕೆಂಡದ ಮೇಲೆ ಬೂದಿ ಮುಚ್ಚಿಡ್ತಿದ್ದರು, ಬೆಳಗ್ಗೆ ಬೂದಿ ಸರಿಸಿ ಊದಿದರೆ ಉರಿ ಏಳ್ತಿತ್ತು. ಹಾಗೆ ಇರಲಿ ನಿನ್ನ ಕಾದಂಬರಿ. ಬೂದಿ ಮುಚ್ಚೋದು ಅಂದರೆ ಇಷ್ಟೇ: ದಿನಕ್ಕೆ ಒಂದು ಸಾಲು, ಪಾತ್ರದ ಬಗ್ಗೆ ಹೊಳೆದಿದ್ದು, ಯಾರದೋ ಬಾಯಿಂದ ಬಂದ ಒಂದು ಮಾತು, ಹಳೇ ಕ್ಯಾಲೆಂಡರಿನ ಹಿಂದೆಯಾದರೂ ಬರೆದಿಡು.

ತ್ರಿವೇಣಿಯವರನ್ನ ನೆನೆಯದೆ ಈ ಮಾತು ದಾಟೋಕೆ ನನಗಾಗಲ್ಲ. 1953ರಲ್ಲಿ ‘ಅಪಸ್ವರ’ ಬಂತು. ಅಲ್ಲಿಂದ ಹತ್ತು ವರ್ಷದಲ್ಲಿ ಇಪ್ಪತ್ತರ ಸುಮಾರು ಕಾದಂಬರಿ. ಮನಶ್ಶಾಸ್ತ್ರ ಓದಿದ್ದವರು, ಹೆಂಗಸಿನ ಮನಸ್ಸನ್ನ ಅವರ ಹಾಗೆ ಬಿಡಿಸಿಟ್ಟವರು ಕಡಿಮೆ. ‘ಶರಪಂಜರ’ದ ಕಾವೇರಿ ನೆನಪಿದೆಯಾ? ಹೆರಿಗೆಯಾದ ಮೇಲೆ ಅವಳ ಮನಸ್ಸು ಕೆಡುತ್ತೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರ್ತಾಳೆ. ಆದರೆ ಮನೆಯವರ ಕಣ್ಣಿನಲ್ಲಿ ಅವಳು ಗುಣವಾಗೋದೇ ಇಲ್ಲ. 1971ರಲ್ಲಿ ಪುಟ್ಟಣ್ಣನವರು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾಗಿದ್ದರು. ಬಾಣಂತಿ ಸನ್ನಿ ಅಂತ ನಮ್ಮ ಅಜ್ಜಿಯರು ಹೆದರಿ ಪಿಸುಗುಡ್ತಿದ್ದ ಕಾಯಿಲೆಯನ್ನ ತ್ರಿವೇಣಿ ಎಲ್ಲರೂ ಓದೋ ಹಾಗೆ ಬರೆದರು. ಆ ತ್ರಿವೇಣಿ, ‘ತುಂಗಭದ್ರಾ’ ಬಂದ ಅದೇ 1963ರಲ್ಲಿ, ಹೆಣ್ಣುಮಗು ಹೆತ್ತು ಹತ್ತು ದಿನಕ್ಕೆ ತೀರಿಕೊಂಡರು. ಮೂವತ್ತೈದು ತುಂಬಿರಲಿಲ್ಲ. ಒಬ್ಬರು ಶುರುಮಾಡಿದ ವರ್ಷವೇ ಇನ್ನೊಬ್ಬರು ಹೋದರು. ನಾನು ಎಷ್ಟು ಸಲ ಯೋಚಿಸಿದರೂ ಇದು ನನಗೆ ಸಮಾಧಾನ ಕೊಡೋ ವಿಷಯ ಅಲ್ಲ.

ಅದಕ್ಕೇ ಮೈಯ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳ್ತೀನಿ, ನೀನು ಅಸಡ್ಡೆ ಮಾಡಬೇಡ. ಹೆರಿಗೆಯಾದ ಹೊಸದರಲ್ಲಿ ಕಾರಣವಿಲ್ಲದೆ ಅಳು ಬರೋದು ಎಷ್ಟೋ ಜನಕ್ಕೆ ಆಗುತ್ತೆ, ತಾನಾಗೇ ಹೋಗುತ್ತೆ. ಎರಡು ವಾರ ಕಳೆದರೂ ಹೋಗದಿದ್ದರೆ, ಮಗು ಬೇಡ ಅನ್ನಿಸಿದರೆ, ಮಗು ಮಲಗಿದ್ದರೂ ನಿನಗೆ ನಿದ್ದೆ ಬರದಿದ್ದರೆ, ‘ನಾನು ಲೇಖಕಿ, ನನ್ನ ಮನಸ್ಸು ಸೂಕ್ಷ್ಮ’ ಅಂತ ಸುಮ್ಮನಿರಬೇಡ. ಡಾಕ್ಟರ ಹತ್ತಿರ ಹೋಗು. ಇಲ್ಲದ್ದು ಕಾಣೋದು, ಕೇಳೋದು ಶುರುವಾದರೆ ಒಂದು ದಿನವೂ ಕಾಯಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನ ಬೇರೆ ಮಾಡದೆ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡೋ ವಾರ್ಡ್ ಇದೆ. ಕಾವೇರಿಗೆ ಸಿಗದೆ ಹೋದದ್ದು ನಿನಗೆ ಸಿಗುತ್ತೆ.

ಮಗುವಿನ ಹತ್ತಿರ ಕೂತಾಗ ಮಗುವಿನ ಹತ್ತಿರ ಇರು. ಅದು ಕಥೆ ಹೇಳು ಅಂದರೆ ನೀನು ಹೂಂಗುಟ್ಟುತ್ತಾ ನಾಯಕಿಯ ಯೋಚನೆಯಲ್ಲಿರೋದು ಮಗುವಿಗೆ ಗೊತ್ತಾಗುತ್ತೆ, ಅದಕ್ಕೇ ಅದು ಇನ್ನೂ ಜಾಸ್ತಿ ಹಟ ಮಾಡೋದು. ಗಂಟೆ ಮುಗಿಯಿತಾ, ವಾಕ್ಯ ಅರ್ಧ ಆಗಿದ್ದರೂ ಎದ್ದುಬಿಡು. ನಾಳೆ ಆ ಅರ್ಧ ವಾಕ್ಯವೇ ನಿನ್ನನ್ನ ಕೂರಿಸುತ್ತೆ. ಬರೆಯೋ ಗಂಟೆಯಲ್ಲಿ ಮಗು ಬಾಗಿಲು ಬಡಿದರೆ ಕರುಳು ಚುರುಕ್ ಅನ್ನುತ್ತೆ, ನನಗೆ ಗೊತ್ತು. ಹೊರಗೆ ಅಪ್ಪ ಇದ್ದಾನೆ, ಅಜ್ಜಿ ಇದ್ದಾರೆ. ಅಮ್ಮ ಒಂದು ಕೆಲಸ ಮಾಡ್ತಾಳೆ, ಆ ಕೆಲಸ ಅವಳಿಗೆ ಇಷ್ಟ, ಮುಗಿಸಿ ನನ್ನ ಹತ್ತಿರ ಬರ್ತಾಳೆ ಅನ್ನೋದನ್ನ ಮಗು ಕಲಿಯುತ್ತೆ. ಅದು ಹೆಣ್ಣುಮಗುವಾದರೆ ಮುಂದೆ ನಿನ್ನ ಹಾಗೆ ಕದ್ದು ಬರೆಯಲ್ಲ. ಗಂಡುಮಗುವಾದರೆ ‘ಯಾರು ಬೇಡ ಅಂದ್ರು’ ಅನ್ನಲ್ಲ.

ಅನುಪಮಾ ನಿರಂಜನ ಇಬ್ಬರು ಹೆಣ್ಣುಮಕ್ಕಳನ್ನ ಸಾಕಿದರು, ಡಾಕ್ಟರಾಗಿ ರೋಗಿಗಳನ್ನ ನೋಡಿದರು, ‘ಮಾಧವಿ’ಯಂಥ ಕಾದಂಬರಿ ಬರೆದರು. ಮಕ್ಕಳಿಗೆ ಅಂತ ‘ದಿನಕ್ಕೊಂದು ಕಥೆ’ಯ ಹನ್ನೆರಡು ಸಂಪುಟ ಬರೆದರು, ತಿಂಗಳಿಗೊಂದರಂತೆ. ಗಂಡ ನಿರಂಜನರೂ ಕಾದಂಬರಿಕಾರರು. ಅವರಿಗೆ ಪಾರ್ಶ್ವವಾಯು ಬಡಿದ ಮೇಲೆ ಮನೆಯ ಭಾರ ಎಷ್ಟಾಗಿರಬೇಕು ಯೋಚಿಸು. ಆದರೂ ಆ ಮನೆಯಲ್ಲಿ ಇಬ್ಬರ ಬರವಣಿಗೆಯೂ ನಿಲ್ಲಲಿಲ್ಲ. ‘ವಧುವಿಗೆ ಕಿವಿಮಾತು’, ‘ತಾಯಿ ಮಗು’ ಅಂತ ಹೆಂಗಸರ ಆರೋಗ್ಯದ ಪುಸ್ತಕಗಳನ್ನೂ ಅನುಪಮಾ ಬರೆದರು, ಎಷ್ಟೋ ಮದುವೆಗಳಲ್ಲಿ ಅವು ಉಡುಗೊರೆಯಾಗಿ ಹೋದವು. ತಾಯ್ತನ ಅವರ ಬರವಣಿಗೆಯನ್ನ ಕಸಿದುಕೊಳ್ಳಲಿಲ್ಲ, ಅದಕ್ಕೆ ಸಾಮಗ್ರಿ ಒದಗಿಸಿತು. ನೀನು ಮಗುವಿಗೆ ರಾತ್ರಿ ಹೇಳೋ ಕಥೆಗಳನ್ನ ಬರೆದಿಡ್ತಿದ್ದೀಯಾ? ಬರೆದಿಡು.

ಮನೆಯವರ ವಿಷಯ ಬರೆಯಬಹುದಾ ಅಂತ ನಿನಗೊಂದು ಅಳುಕಿದೆ. ಇರಬೇಕಾದದ್ದೇ. ಕುಂದಾಪುರದ ಜಾನಕಿ ಅನ್ನೋ ಹುಡುಗಿ ‘ಸುಧಾ’ಗೆ ಕಥೆ ಕಳಿಸಿ, ಅದರಲ್ಲಿ ನಿಜವಾಗಿ ನಡೆದದ್ದಿದೆ ಅಂತ ಹೆದರಿ, ಅಚ್ಚು ಮಾಡಬೇಡಿ ಅಂದಳು. ಸಂಪಾದಕರು ಕಥೆ ಬಿಡಲಿಲ್ಲ, ಹೆಸರು ಬದಲಾಯಿಸಿ ಹಾಕಿದರು. ಆ ಹೆಸರೇ ವೈದೇಹಿ. ಮುಂದೆ ‘ಅಸ್ಪೃಶ್ಯರು’ ಕಾದಂಬರಿ ಬರೆದ, ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವೈದೇಹಿ. ಹಾಗಾಗಿ ಬರಿ. ಆದರೆ ನಾದಿನಿಯ ಮೇಲಿನ ಸಿಟ್ಟು ತೀರಿಸಿಕೊಳ್ಳೋಕೆ ಬರೆಯಬೇಡ. ಸಿಟ್ಟಿನಲ್ಲಿ ಬರೆದ ನಾದಿನಿ ಪಾತ್ರವಾಗಲ್ಲ. ಸಿಟ್ಟು ಇಳಿದ ಮೇಲೆ ಅವಳ ಕಡೆಯಿಂದ ಒಂದು ಪುಟ ಬರೆದು ನೋಡು, ಅವಳಿಗೂ ಒಂದು ನ್ಯಾಯ ಇರುತ್ತೆ. ಆ ನ್ಯಾಯ ನಿನಗೆ ಕಂಡ ದಿನ ಅವಳು ಕಾದಂಬರಿಗೆ ಬರಬಹುದು.

ದುಡ್ಡಿನ ಮಾತು ಚಿಕ್ಕದು. 300 ರೂಪಾಯಿಯ ಪುಸ್ತಕ, 1000 ಪ್ರತಿ, ನಿನಗೆ ಶೇಕಡ 10 ಅಂತ ಹಿಡಿ. ಎಲ್ಲ ಪ್ರತಿ ಮಾರಿಹೋದರೂ 30,000. ಅದನ್ನ ನಂಬಿ ನೌಕರಿ ಬಿಡಬೇಡ. ಬಂದ ದುಡ್ಡು ನಿನ್ನ ಖಾತೆಗೇ ಹೋಗಲಿ, ಒಪ್ಪಂದಕ್ಕೆ ಓದಿಯೇ ಸಹಿ ಹಾಕು.

ಇನ್ನೊಂದು ಮಾತನ್ನ ಬಿಡಿಸಿ ಹೇಳಿಬಿಡ್ತೀನಿ. ನಾನು ಹೇಳಿದ್ದೆಲ್ಲ ಮಾತಿಗೆ ಬಗ್ಗೋ ಮನೆಗೆ. ಬರೆದ ಹಾಳೆ ಹರಿಯೋ ಮನೆ, ಕೈ ಎತ್ತೋ ಗಂಡ ಇದ್ದರೆ ಅದು ಹೊತ್ತು ಹೊಂದಿಸಿಕೊಳ್ಳೋ ಪ್ರಶ್ನೆ ಅಲ್ಲ. ಅಲ್ಲಿ ಹೊಂದಿಕೊಂಡು ಹೋಗು ಅಂತ ಹೇಳೋ ಹಿರಿಯಳು ನಾನಲ್ಲ. ತವರಿಗೆ ಹೇಳು, ಗೆಳತಿಯರಿಗೆ ಹೇಳು, ಅಲ್ಲಿಂದ ಎದ್ದು ಬಾ. ಹಸ್ತಪ್ರತಿಯನ್ನ ಮರೆಯದೆ ತಗೊಂಡು ಬಾ.

ನಿನ್ನ ಮನೆ ಹಾಗಿಲ್ಲ. ನಿನ್ನ ಗಂಡನಿಗೆ ಹೇಳಿದರೆ ಕೇಳ್ತಾನೆ, ನೀನು ಹೇಳಿಲ್ಲ ಅಷ್ಟೇ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಗಂಟೆ ಹೇಳಿಬಿಡು. ಯುಗಾದಿಯೊಳಗೆ ಮೊದಲ ಮೂರು ಅಧ್ಯಾಯ ನನ್ನ ಕೈಗೆ ಬರಬೇಕು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಕಳಿಸು, ಓದಿ ಮುಲಾಜಿಲ್ಲದೆ ಹೇಳ್ತೀನಿ.